ಪರದೆ ತುಂಬ ಗುಂಡು, ಕೆಳಗೊಂದು ಪುಟ್ಟ ವಿಮಾನ: ಇದರಲ್ಲಿ ಅಂಥದ್ದೇನಿದೆ?

ಪ್ರಶ್ನೆ: ನನ್ನ ತಮ್ಮ ದಿನಾ ರಾತ್ರಿ ಊಟ ಆದ ಮೇಲೆ ಒಂದೇ ಗೇಮ್ ಆಡುತ್ತಾನೆ. ಜಪಾನಿನ ಹಳೇ ಆರ್ಕೇಡ್ ಗೇಮ್ (ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವಂಥದ್ದು), ಡೊಡೊನ್‌ಪಾಚಿ ಅಂತೆ. ಕೆಳಗೆ ಒಂದು ವಿಮಾನ, ಮೇಲಿಂದ ಪರದೆ ತುಂಬ ಗುಂಡು. ಹೇಳಿಕೊಳ್ಳುವಂಥ ಕಥೆ ಇಲ್ಲ, ಸೇವ್ ಮಾಡುವ ಹಾಗಿಲ್ಲ, ಎಲ್ಲಾ ಜೀವ ಹೋದರೆ ಮತ್ತೆ ಮೊದಲಿಂದ. ತಿಂಗಳುಗಟ್ಟಲೆ ಅದೇ ಆರು ಸ್ಟೇಜ್. ನಾನೂ ಒಂದು ದಿನ ಕೂತೆ, ಎರಡು ನಿಮಿಷದಲ್ಲಿ ಆಟ ಮುಗಿಯಿತು. ಚಿಕ್ಕಂದಿನಲ್ಲಿ ಟಿವಿಗೆ ಕ್ಯಾಸೆಟ್ ಹಾಕಿ ನಾವಿಬ್ಬರೂ 1942 ಆಡಿದವರೇ. ಈಗಲೂ ಫೋನಿನಲ್ಲಿ ಇಂಥದ್ದೇ ವಿಮಾನದ ಗೇಮ್ ಆಡುತ್ತೇನೆ, ಅದು ಹೀಗೆ ಹಿಡಿದುಕೊಳ್ಳುವುದಿಲ್ಲ. ಅವನಿಗೆ ಇದರಲ್ಲಿ ಏನು ಕಾಣುತ್ತಿದೆ? ನನ್ನಂಥವರಿಗೆ ಕಲಿಯಲು ಆಗುತ್ತದಾ? — ಓದುಗರೊಬ್ಬರು, ದಾವಣಗೆರೆ

ಉತ್ತರ: ಆಗುತ್ತದೆ. ಬೆರಳು ಮಿಂಚಿನ ಹಾಗೆ ಓಡಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಅದು ಅಷ್ಟೇನೂ ಬೇಕಾಗಿಲ್ಲ. ಮೊದಲು ನಾನೇ ನಿಮಗೊಂದು ಪ್ರಶ್ನೆ ಕೇಳುತ್ತೇನೆ. ಆ ಎರಡು ನಿಮಿಷ ನಿಮ್ಮ ಕಣ್ಣು ಎಲ್ಲಿತ್ತು? ಒಂದೋ ಒಂದೊಂದು ಗುಂಡಿನ ಹಿಂದೆಯೂ ಓಡುತ್ತಾ ಪರದೆ ಪೂರ್ತಿ ಸುತ್ತುತ್ತಿತ್ತು, ಇಲ್ಲವೇ ನಿಮ್ಮ ವಿಮಾನದ ಮೇಲೇ ಅಂಟಿಕೊಂಡಿತ್ತು. ಹೊಸಬರು ಇವೆರಡರಲ್ಲಿ ಒಂದನ್ನು ಮಾಡೇ ಮಾಡುತ್ತಾರೆ. ಈ ಸಲ ನಿಮ್ಮ ತಮ್ಮ ಆಡುವಾಗ ಪರದೆ ಬಿಟ್ಟು ಅವನ ಕಣ್ಣನ್ನೇ ನೋಡಿ. ಪಳಗಿದವರ ನೋಟ ವಿಮಾನಕ್ಕಿಂತ ಸ್ವಲ್ಪ ಮೇಲೆ, ಗುಂಡುಗಳು ಹತ್ತಿರ ಬರುವ ಜಾಗದಲ್ಲಿ ನಿಂತಿರುತ್ತದೆ. ವಿಮಾನ ಎಲ್ಲಿದೆ ಅನ್ನುವುದು ಓರೆನೋಟದಲ್ಲೇ ಗೊತ್ತಾಗುತ್ತಿರುತ್ತದೆ. ಸಂತೆಯ ಜನಸಂದಣಿಯಲ್ಲಿ ಸರಾಗವಾಗಿ ನಡೆಯುವವರು ಒಬ್ಬೊಬ್ಬರ ಮುಖ ನೋಡುವುದಿಲ್ಲ, ಮುಂದೆ ಎಲ್ಲಿ ಜಾಗ ಬಿಡುತ್ತದೆ ಅಂತ ನೋಡುತ್ತಾರೆ ಅಲ್ವಾ, ಹಾಗೆ.

ಇನ್ನೊಂದು ವಿಷಯ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಕಣ್ಣಿಗೆ ಕಾಣುವ ವಿಮಾನ ದೊಡ್ಡದು, ಆದರೆ ಗುಂಡು ತಾಗಿದರೆ ಸಾಯುವ ಜಾಗ ತುಂಬಾ ಚಿಕ್ಕದು. ಅದನ್ನು ಹಿಟ್‌ಬಾಕ್ಸ್ ಅನ್ನುತ್ತೇವೆ. ಡೊಡೊನ್‌ಪಾಚಿಯಲ್ಲಿ ಅದು ವಿಮಾನದ ನಟ್ಟನಡುವೆ ಇರುವ ಕೆಲವೇ ಪಿಕ್ಸೆಲ್. ರೆಕ್ಕೆಯ ತುದಿಯ ಮೇಲೆ ಗುಂಡು ಹಾದುಹೋದರೆ ಏನೂ ಆಗುವುದಿಲ್ಲ. ಇದು ಗೊತ್ತಿಲ್ಲದೆ ಕೂತವರಿಗೆ ಎಲ್ಲಾ ಸಂದಿಯೂ ಮುಚ್ಚಿದ ಹಾಗೆ ಕಾಣುತ್ತದೆ, ಹೆದರಿ ಮೂಲೆಗೆ ಓಡುತ್ತಾರೆ, ಮೂಲೆಯಲ್ಲಿ ಸಾಯುತ್ತಾರೆ. ಗೊತ್ತಾದ ಮೇಲೆ ಅದೇ ಪರದೆಯಲ್ಲಿ ದಾರಿ ಕಾಣತೊಡಗುತ್ತದೆ. ಜೊತೆಗೆ ಇಂಥ ಗೇಮ್‌ಗಳಲ್ಲಿ ಗುಂಡುಗಳ ಸಂಖ್ಯೆ ಜಾಸ್ತಿ, ವೇಗ ಕಡಿಮೆ. 1990ರಲ್ಲಿ ಬಂದ ರೈಡನ್ ನೋಡಿದರೆ ಇದರ ಉಲ್ಟಾ: ಗುಂಡು ಕಡಿಮೆ, ಆದರೆ ಸರ್‍ರನೆ ಬರುತ್ತವೆ, ವಿಮಾನದ ಮೈಯೂ ದೊಡ್ಡದು. ನೋಡಲು ರೈಡನ್ ಸುಲಭ ಅನಿಸುತ್ತದೆ. ಆಡಲು ಕೂತರೆ, ನನ್ನ ಮಟ್ಟಿಗೆ, ಹೊಸಬರಿಗೆ ಅದೇ ಜಾಸ್ತಿ ಕಷ್ಟ.

ಈಗ ಗುಂಡುಗಳ ವಿಷಯಕ್ಕೆ ಬರೋಣ, ಯಾಕೆಂದರೆ ನಿಮ್ಮ ತಮ್ಮನಿಗೆ ಏನು ಕಾಣುತ್ತಿದೆ ಅನ್ನುವುದಕ್ಕೆ ಉತ್ತರ ಅಲ್ಲೇ ಇದೆ. ಮುಖ್ಯವಾಗಿ ಎರಡು ಜಾತಿ. ಒಂದು, ನಿಮ್ಮನ್ನೇ ಗುರಿಯಿಟ್ಟು ಬರುವುದು. ಇನ್ನೊಂದು, ನೀವು ಎಲ್ಲಿದ್ದರೂ ಲೆಕ್ಕಿಸದೆ ಪ್ರತಿ ಸಲವೂ ಒಂದೇ ವಿನ್ಯಾಸದಲ್ಲಿ ಹರಡಿಕೊಳ್ಳುವುದು.

ಗುರಿಯಿಟ್ಟು ಬರುವುದನ್ನು ಹತ್ತಿರದಿಂದ ನೋಡಿ. ಮೇಲೆ ಒಂದು ಟ್ಯಾಂಕ್ ಇದೆ, ಒಂದರ ಹಿಂದೆ ಒಂದು ಗುಂಡು ಬಿಡುತ್ತಿದೆ ಅಂದುಕೊಳ್ಳಿ. ಗುಂಡು ಹೊರಟ ಕ್ಷಣದಲ್ಲಿ ನೀವು ಎಲ್ಲಿದ್ದಿರೋ ಅಲ್ಲಿಗೆ ಅದು ನೇರವಾಗಿ ಬರುತ್ತದೆ. ದಾರಿಯಲ್ಲಿ ತಿರುಗುವುದಿಲ್ಲ. ಅಂದರೆ ನೀವು ಗಾಬರಿಯಾಗಿ ಓಡುವ ಅಗತ್ಯವೇ ಇಲ್ಲ. ಎಡತುದಿಯಲ್ಲಿ ನಿಂತು, ಕೀಲಿಯನ್ನು ಸ್ವಲ್ಪ ತಟ್ಟಿ ಕೂದಲೆಳೆಯಷ್ಟು ಬಲಕ್ಕೆ ಸರಿಯಿರಿ. ಬಂದ ಗುಂಡು ನಿಮ್ಮ ಎಡಗಡೆ ಹಾದುಹೋಗುತ್ತದೆ. ಮತ್ತೆ ಒಂದು ಚೂರು ಸರಿಯಿರಿ, ಮುಂದಿನದೂ ಎಡಗಡೆಯೇ ಹೋಗುತ್ತದೆ. ಹೀಗೆ ಇಡೀ ಸಾಲನ್ನು ಹಿಂದೆ ಬಿಟ್ಟುಕೊಂಡು ನಿಧಾನವಾಗಿ ಬಲಕ್ಕೆ ಹೋಗುತ್ತಿರಬಹುದು. ಸಮಸ್ಯೆ ಬರುವುದು ಬಲತುದಿ ಹತ್ತಿರವಾದಾಗ. ಅಲ್ಲಿ ಸಿಕ್ಕಿಹಾಕಿಕೊಳ್ಳುವ ಮೊದಲೇ ತಟ್ಟನೆ ಒಂದು ದೊಡ್ಡ ಹೆಜ್ಜೆ ಹಾಕಬೇಕು. ಟ್ಯಾಂಕಿನ ಗುರಿಯೂ ಅಷ್ಟೇ ದೊಡ್ಡದಾಗಿ ಜಿಗಿಯುತ್ತದೆ, ಸಾಲಿನಲ್ಲಿ ಒಂದು ಸಂದಿ ಬಿಡುತ್ತದೆ. ಅದರಲ್ಲಿ ನುಸುಳಿ ವಾಪಸ್ ಎಡಕ್ಕೆ ಬಂದರೆ ಮತ್ತೆ ಪೂರ್ತಿ ಪರದೆ ನಿಮ್ಮದು. ಇಷ್ಟನ್ನು ಕಲಿತರೆ ಮೊದಲ ಎರಡು ಸ್ಟೇಜಿನಲ್ಲಿ ಭಯಪಡಲು ಜಾಸ್ತಿ ಏನೂ ಉಳಿಯುವುದಿಲ್ಲ.

ಇದರಿಂದ ಹೊರಡುವ ಒಂದು ಸಂಗತಿ ನನಗೆ ಇವತ್ತಿಗೂ ಬಹಳ ಇಷ್ಟ. ಗಾಬರಿಯಲ್ಲಿ ಎಡಬಲ ಓಡಾಡಿದರೆ ಗುರಿಯಿಟ್ಟು ಬರುವ ಗುಂಡುಗಳು ಎಲ್ಲಾ ದಿಕ್ಕಿಗೂ ಚೆಲ್ಲಾಪಿಲ್ಲಿಯಾಗುತ್ತವೆ. ಅವು ಹೋಗಿ ಎರಡನೇ ಜಾತಿಯ ಗುಂಡುಗಳ ವಿನ್ಯಾಸದೊಳಗೆ ಸೇರಿಕೊಂಡು, ಸಂದಿಗಳನ್ನೆಲ್ಲ ಮುಚ್ಚಿಬಿಡುತ್ತವೆ. ಅಂದರೆ ಆ ಎರಡು ನಿಮಿಷದಲ್ಲಿ ನಿಮಗೆ ಕಂಡ ಗದ್ದಲದ ಒಂದು ಭಾಗವನ್ನು ಮಾಡಿದ್ದು ಯಂತ್ರ ಅಲ್ಲ, ನಿಮ್ಮದೇ ಓಡಾಟ. ಅದೇ ಸ್ಟೇಜನ್ನು ಪಳಗಿದವರು ಆಡುವಾಗ ಪರದೆ ಬೇರೆಯೇ ಥರ ಕಾಣುತ್ತದೆ. ಗುಂಡುಗಳು ಒಂದು ಕಡೆ ಅಚ್ಚುಕಟ್ಟಾಗಿ ಹೋಗುತ್ತಿರುತ್ತವೆ, ಇನ್ನೊಂದು ಕಡೆ ಅಗಲವಾದ ಖಾಲಿ ಜಾಗ ಇರುತ್ತದೆ. ಗೇಮ್ ಅದೇ, ಕಷ್ಟದ ಮಟ್ಟವೂ ಅದೇ. ಆಡುವವರ ಮನಸ್ಸು ಎಷ್ಟು ಸಮಾಧಾನವಾಗಿದೆ ಅನ್ನುವುದು ಪರದೆಯ ಮೇಲೇ ಬರೆದ ಹಾಗೆ ಕಾಣುತ್ತದೆ. ಇಂಥದ್ದನ್ನು ಬೇರೆ ಯಾವ ಬಗೆಯ ಗೇಮೂ ಇಷ್ಟು ಸ್ಪಷ್ಟವಾಗಿ ತೋರಿಸುವುದನ್ನು ನಾನು ನೋಡಿಲ್ಲ.

ಹಾಗಾಗಿ ನಿಮ್ಮ ತಮ್ಮ ದಿನಾ ಅದೇ ಸ್ಟೇಜ್ ಆಡುತ್ತಿದ್ದಾನೆ ಅನ್ನುವುದು ಪೂರ್ತಿ ಸರಿ ಅಲ್ಲ. ಹೋದ ತಿಂಗಳು ಅವನಿಗೆ ಬರೀ ಗುಂಡು ಕಂಡ ಜಾಗದಲ್ಲಿ ಈಗ ದಾರಿ ಕಾಣುತ್ತಿದೆ. ಫೋನಿನ ಗೇಮಿಗೂ ಇದಕ್ಕೂ ವ್ಯತ್ಯಾಸ ಇರುವುದೂ ಇಲ್ಲೇ. ಫೋನಿನಲ್ಲಿ ನೀವು ಆಡಿದಷ್ಟೂ ನಾಣ್ಯ ಸೇರುತ್ತದೆ, ನಾಣ್ಯ ಕೊಟ್ಟರೆ ವಿಮಾನ ಗಟ್ಟಿಯಾಗುತ್ತದೆ, ಬಂದೂಕು ದೊಡ್ಡದಾಗುತ್ತದೆ. ನಿನ್ನೆ ದಾಟಲು ಆಗದ ಲೆವೆಲ್ ಇವತ್ತು ಆಗುತ್ತದೆ, ಯಾಕೆಂದರೆ ಇವತ್ತು ವಿಮಾನಕ್ಕೆ ಬಲ ಜಾಸ್ತಿ. ಅದನ್ನು ನಾನು ಕೆಟ್ಟದ್ದು ಅನ್ನುವುದಿಲ್ಲ. ಸ್ಕೈ ಫೋರ್ಸ್ ರೀಲೋಡೆಡ್ ಆ ದಾರಿಯಲ್ಲಿ ತುಂಬಾ ಪ್ರೀತಿಯಿಂದ ಮಾಡಿದ ಗೇಮ್, ಬಸ್ಸಿನಲ್ಲಿ ಕೂತು ಆಡಲು ಚೆನ್ನಾಗಿದೆ. ಆದರೆ ಆರ್ಕೇಡ್ ಶೂಟರ್‌ನಲ್ಲಿ ಸಾವಿರನೇ ಸಲ ಶುರು ಮಾಡಿದರೂ ಸಿಗುವುದು ಮೊದಲ ದಿನದ ಅದೇ ವಿಮಾನ. ಬದಲಾಗಿರುವುದು ಕೂತವರ ಕಣ್ಣು ಕೈ ಮಾತ್ರ. ಆ ಬದಲಾವಣೆ ತನ್ನದೇ ಅಂತ ಖಚಿತವಾಗಿ ಗೊತ್ತಾಗುವುದರಿಂದ ಅದು ಅಷ್ಟು ಹಿಡಿದುಕೊಳ್ಳುತ್ತದೆ.

ಸರಿ, ಮೇಲಿಂದ ಕೆಳಕ್ಕೆ ಯಾಕೆ? ಪಕ್ಕದಿಂದ ಪಕ್ಕಕ್ಕೆ ಹೋಗುವ ಗ್ರೇಡಿಯಸ್, ಆರ್-ಟೈಪ್ ಥರದವೂ ಇವೆಯಲ್ಲ? ಅವುಗಳಲ್ಲಿ ಗೋಡೆ, ಗುಹೆ, ಚಾವಣಿ ಮುಖ್ಯ. ಎಲ್ಲಿ ನುಗ್ಗಬೇಕು, ಎಲ್ಲಿ ಕಾಯಬೇಕು ಅನ್ನುವುದೇ ಅರ್ಧ ಆಟ. ಮೇಲಿಂದ ಕೆಳಕ್ಕೆ ಬರುವ ಗೇಮ್‌ಗಳಲ್ಲಿ ಆಕಾಶ ಸಾಮಾನ್ಯವಾಗಿ ಖಾಲಿ, ತಪ್ಪಿಸಿಕೊಳ್ಳಬೇಕಾದ್ದು ಗುಂಡಿನಿಂದ ಮಾತ್ರ. ಎಡ ಬಲ ಎರಡೂ ಸಮ. ಆರ್ಕೇಡ್ ಯಂತ್ರದಲ್ಲಿ ಮಾಮೂಲಿ ಟಿವಿ ಥರದ ಟ್ಯೂಬನ್ನೇ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿರುತ್ತಾರೆ, ಹಾಗಾಗಿ ಪರದೆ ಎತ್ತರ, ಅಗಲ ಕಡಿಮೆ. ಡೊಡೊನ್‌ಪಾಚಿಯ ಚಿತ್ರ 240 ಪಿಕ್ಸೆಲ್ ಅಗಲ, 320 ಪಿಕ್ಸೆಲ್ ಎತ್ತರ. ಈ ಎತ್ತರ ಬಹಳ ಮುಖ್ಯ. ಗುಂಡು ಮೇಲೆ ಹುಟ್ಟಿ ನಿಮ್ಮ ಹತ್ತಿರ ಬರುವಷ್ಟರಲ್ಲಿ ಅದನ್ನು ಓದಲು ಸಮಯ ಸಿಗುತ್ತದೆ. ಅಗಲ ಕಡಿಮೆ ಇರುವುದರಿಂದ ತುಂಬಾ ದೂರ ಓಡಿಹೋಗಲೂ ಆಗುವುದಿಲ್ಲ, ನಿಂತು ಎದುರಿಸಲೇಬೇಕು. ಮತ್ತೆ ಪರದೆ ತಾನೇ ಸರಿಯುತ್ತಿರುತ್ತದೆ. ನೀವು ಆಡಿ ಬಿಡಿ, ನೆಲ ಕೆಳಗೆ ಹೋಗುತ್ತಲೇ ಇರುತ್ತದೆ. ಒಂದು ಕಡೆ ನಿಂತು ಯೋಚಿಸೋಣ ಅನ್ನುವ ಹಾಗಿಲ್ಲ.

ಇದು ಒಂದೇ ದಿನದಲ್ಲಿ ಹುಟ್ಟಿದ್ದಲ್ಲ. 1978ರಲ್ಲಿ ಟೈಟೋ ಕಂಪನಿಗೆ ತೊಮೊಹಿರೊ ನಿಶಿಕಾಡೊ ಮಾಡಿದ ಸ್ಪೇಸ್ ಇನ್ವೇಡರ್ಸ್‌ನಲ್ಲಿ ಪರದೆ ನಿಂತಲ್ಲೇ ನಿಂತಿತ್ತು, ವೈರಿಗಳು ಸಾಲುಗಟ್ಟಿ ಇಳಿಯುತ್ತಿದ್ದರು. 1982ರಲ್ಲಿ ಅಮೆರಿಕದ ಕ್ಯಾರಲ್ ಶಾ ಅಟಾರಿ 2600 ಅನ್ನುವ ಟಿವಿ ಗೇಮ್ ಯಂತ್ರಕ್ಕೆ ರಿವರ್ ರೇಡ್ ಬರೆದರು. ಹೊಳೆಯ ಮೇಲೆ ವಿಮಾನ ಹಾರುತ್ತಾ ಹೋಗುತ್ತದೆ, ಪೆಟ್ರೋಲ್ ಮುಗಿಯುತ್ತಾ ಬರುತ್ತದೆ. ಕ್ಯಾಸೆಟ್ಟಿನೊಳಗೆ ಇದ್ದದ್ದು ಬರೀ 4 ಕಿಲೋಬೈಟ್. ಇಡೀ ಹೊಳೆಯ ನಕ್ಷೆ ಅದರಲ್ಲಿ ಹಿಡಿಸುವುದಿಲ್ಲ, ಹಾಗಾಗಿ ಹೊಳೆಯನ್ನು ಒಂದು ಲೆಕ್ಕದ ಸೂತ್ರದಿಂದ ಆಗಿಂದಾಗ್ಗೆ ಹುಟ್ಟಿಸಿದರು. ಸೂತ್ರ ಪ್ರತಿ ಸಲವೂ ಒಂದೇ ಸಂಖ್ಯೆಯಿಂದ ಶುರುವಾಗುತ್ತಿತ್ತು, ಆದ್ದರಿಂದ ಎಲ್ಲರಿಗೂ ಪ್ರತಿ ಸಲವೂ ಅದೇ ಹೊಳೆ. ಎಂಥಾ ಕೆಲಸ ನೋಡಿ! ಹೆಚ್ಚುಕಡಿಮೆ ಅದೇ ಹೊತ್ತಿಗೆ ಜಪಾನಿನಲ್ಲಿ ನಾಮ್ಕೋ ಕಂಪನಿಯ ಜೆವಿಯಸ್ ಬಂತು, ಮಸಾನೊಬು ಎಂಡೋ ಅವರದು. ಕಾಡು, ನದಿ, ರಸ್ತೆ, ಬಯಲಿನ ಮೇಲೆ ಬರೆದ ದೊಡ್ಡ ಹಕ್ಕಿಯ ಚಿತ್ರ, ಎಲ್ಲದರ ಮೇಲೆ ಹಾರುತ್ತಾ ಆಕಾಶದ ವೈರಿಗೆ ಒಂದು ಗುಂಡಿ, ನೆಲದ ವೈರಿಗೆ ಬಾಂಬ್ ಹಾಕಲು ಇನ್ನೊಂದು ಗುಂಡಿ ಒತ್ತಬೇಕು. ಏನೂ ಇಲ್ಲದ ನೆಲದ ಮೇಲೆ ಸುಮ್ನೆ ಬಾಂಬ್ ಹಾಕಿದರೆ ಕೆಲವು ಕಡೆ ಗೋಪುರ ಮೇಲೆದ್ದು ಬರುತ್ತಿತ್ತು. ಮುಂದೆ ಬಂದ ಈ ಬಗೆಯ ಗೇಮ್‌ಗಳ ಮೇಲೆಲ್ಲ ಜೆವಿಯಸ್‌ನ ನೆರಳು ಇದೆ.

ನೀವಿಬ್ಬರೂ ಆಡಿದ 1942 ಇದರ ಮುಂದಿನ ಹೆಜ್ಜೆ, 1984ರದು, ಕ್ಯಾಪ್ಕಾಮ್ ಕಂಪನಿಯದು. ಜಪಾನಿನ ಕಂಪನಿ ಮಾಡಿದ್ದು, ಆದರೆ ಆಡುವವರು ಅಮೆರಿಕದ ವಿಮಾನ ಹಾರಿಸಿ ಜಪಾನಿನ ವಿಮಾನ ಹೊಡೆಯಬೇಕು. ಚಿಕ್ಕಂದಿನಲ್ಲಿ ನಮಗೆ ಯಾರಿಗೂ ಅದು ತಲೆಗೆ ಹೋಗಿರಲಿಲ್ಲ ಅಲ್ವಾ. ನಮ್ಮಲ್ಲಿ ಅದು ಬಂದದ್ದು ನಿಂಟೆಂಡೋದ ಫ್ಯಾಮಿಕಾಮ್ ಅನ್ನುವ ಟಿವಿ ಗೇಮ್ ಯಂತ್ರದ ನಕಲುಗಳ ಮೂಲಕ. ನೂರಾರು ಗೇಮ್ ಇದೆ ಅಂತ ಬರೆದಿದ್ದ ಕ್ಯಾಸೆಟ್ಟಿನಲ್ಲಿ ಗ್ಯಾಲಕ್ಸಿಯನ್, ಟ್ವಿನ್‌ಬೀ, 1942 ಎಲ್ಲಾ ಒಟ್ಟಿಗೆ ಇರುತ್ತಿದ್ದವು. ಗುಂಡು ಬಂದಾಗ ವಿಮಾನ ಪಲ್ಟಿ ಹೊಡೆದು ತಪ್ಪಿಸಿಕೊಳ್ಳುತ್ತಿದ್ದದ್ದು ನೆನಪಿದೆಯಾ? ಅದನ್ನು ಎಷ್ಟು ಸಲ ಬೇಕೋ ಅಷ್ಟು ಸಲ ಮಾಡುವ ಹಾಗಿರಲಿಲ್ಲ, ಲೆಕ್ಕ ಇತ್ತು. ಸಿಕ್ಕಿಹಾಕಿಕೊಂಡಾಗ ಒತ್ತಿದರೆ ಸುತ್ತಲಿನ ಗುಂಡುಗಳಿಂದ ಉಳಿಸುವ ಇವತ್ತಿನ ಬಾಂಬ್ ಗುಂಡಿ ಮಾಡುವ ಕೆಲಸವೂ ಅದೇ. ಅಂದರೆ ನೀವು ಪೂರ್ತಿ ಹೊಸಬರೇನಲ್ಲ.

ಡೊಡೊನ್‌ಪಾಚಿಯ ಮನೆತನ ಬೇರೆ. ಟೋವಾಪ್ಲಾನ್ ಅನ್ನುವ ಟೋಕಿಯೋದ ಸಣ್ಣ ಕಂಪನಿ 1985ರ ಟೈಗರ್ ಹೆಲಿಯಿಂದ ಹಿಡಿದು ಒಂದರ ಮೇಲೊಂದು ಶೂಟರ್ ಮಾಡಿತು. 1993ರ ಬ್ಯಾಟ್ಸುಗನ್‌ನಲ್ಲಿ ಗುಂಡುಗಳು ಪರದೆ ತುಂಬತೊಡಗಿದವು. 1994ರಲ್ಲಿ ಕಂಪನಿ ಮುಳುಗಿತು. ಅಲ್ಲಿದ್ದವರಲ್ಲಿ ಕೆಲವರು ಸೇರಿ ಕೇವ್ ಅಂತ ಹೊಸ ಕಂಪನಿ ಕಟ್ಟಿದರು, 1995ರಲ್ಲಿ ಡೊನ್‌ಪಾಚಿ, 1997ರಲ್ಲಿ ತ್ಸುನೆಕಿ ಇಕೆಡಾ ಅವರ ಕೈಯಲ್ಲಿ ಡೊಡೊನ್‌ಪಾಚಿ. ಪರದೆ ತುಂಬ ಗುಂಡು ಬರುವ, ಬುಲೆಟ್ ಹೆಲ್ ಅಂತ ಈಗ ಕರೆಯುವ ಬಗೆ ನಿಜವಾಗಿ ಗಟ್ಟಿಯಾಗಿ ನಿಂತದ್ದು ಇದರಿಂದ.

ಇದರ ಗುಂಡಿಗಳ ಕೆಲಸ ನೋಡಿ. ಹೊಡೆಯುವ ಗುಂಡಿಯನ್ನು ಬಿಟ್ಟು ಬಿಟ್ಟು ಒತ್ತಿದರೆ ಅಗಲವಾಗಿ ಗುಂಡು ಹಾರುತ್ತದೆ, ವಿಮಾನ ವೇಗವಾಗಿ ಓಡುತ್ತದೆ. ಅದೇ ಗುಂಡಿಯನ್ನು ಒತ್ತಿ ಹಿಡಿದರೆ ನೇರವಾದ ಲೇಸರ್, ಬಲ ಜಾಸ್ತಿ, ಆದರೆ ವಿಮಾನ ನಿಧಾನವಾಗುತ್ತದೆ. ಮೊದಲ ನೋಟಕ್ಕೆ ಇದು ಲೇಸರಿಗೆ ತೆರಬೇಕಾದ ದಂಡ ಅನಿಸುತ್ತದೆ. ಗುಂಡುಗಳ ನಡುವೆ ನುಸುಳುವಾಗ ಮಾತ್ರ ಅರ್ಥ ಆಗುವುದು, ಆ ನಿಧಾನವೇ ಬೇಕಾದ್ದು, ಕೂದಲೆಳೆಯಷ್ಟು ಸರಿಯಲು ಅದೇ ಸಹಾಯ. ದೊಡ್ಡ ವೈರಿಯನ್ನು ಹೊಡೆಯುವ ಆಯುಧವೂ ಅದೇ, ಎಚ್ಚರಿಕೆಯಿಂದ ತಪ್ಪಿಸಿಕೊಳ್ಳುವ ಉಪಾಯವೂ ಅದೇ. ಒಂದೇ ಗುಂಡಿಯಲ್ಲಿ ಎರಡು ನಡಿಗೆ, ಎರಡು ಆಯುಧ. ನಿಮ್ಮ ತಮ್ಮನ ಹೆಬ್ಬೆರಳು ಎಷ್ಟು ಸಲ ಹಿಡಿಯುತ್ತದೆ, ಎಷ್ಟು ಸಲ ಬಿಡುತ್ತದೆ ನೋಡಿ, ಅವನು ಆ ಕ್ಷಣ ಏನು ಯೋಚಿಸುತ್ತಿದ್ದಾನೆ ಅಂತ ಹೇಳಿಬಿಡಬಹುದು.

ಇಷ್ಟಕ್ಕೇ ನಿಂತಿದ್ದರೆ ಒಂದು ಸಲ ಮುಗಿಸಿದ ಮೇಲೆ ಬಿಡಬಹುದಿತ್ತು. ಬಿಡಲು ಆಗದ ಹಾಗೆ ಮಾಡುವುದು ಸ್ಕೋರ್. ಹೊರಗಿನವರಿಗೆ ಸ್ಕೋರ್ ಅಂದರೆ ಮೂಲೆಯಲ್ಲಿ ಓಡುವ ಸಂಖ್ಯೆ. ಗೇಮ್ ಮಾಡಿದವರಿಗೆ ಅದು ಆಡುವವರನ್ನು ಅಪಾಯದ ಕಡೆ ಕರೆಯುವ ದಾರಿ. 1981ರ ಗ್ಯಾಲಗಾದಲ್ಲೇ ಇದು ಶುರುವಾಗಿತ್ತು. ವೈರಿ ಬಂದು ನಿಮ್ಮ ವಿಮಾನವನ್ನು ಹಿಡಿದುಕೊಂಡು ಹೋಗಲು ಬಿಡಬಹುದು, ಅಂದರೆ ಒಂದು ಜೀವವನ್ನು ಪಣಕ್ಕಿಡಬಹುದು. ಆಮೇಲೆ ಅದನ್ನು ಬಿಡಿಸಿಕೊಂಡರೆ ಎರಡು ವಿಮಾನ ಜೊತೆಯಾಗಿ ಹೊಡೆಯುತ್ತವೆ. ಜೋಡಿ ಆದ್ದರಿಂದ ಗುಂಡು ತಾಗುವುದೂ ಸುಲಭ. ಡೊಡೊನ್‌ಪಾಚಿಯಲ್ಲಿ ಒಬ್ಬ ವೈರಿಯನ್ನು ಹೊಡೆದ ತಕ್ಷಣ ಇನ್ನೊಬ್ಬನನ್ನು ಹೊಡೆದರೆ ಸರಪಳಿ ಬೆಳೆಯುತ್ತದೆ, ಸ್ವಲ್ಪ ತಡವಾದರೆ ಕಡಿದುಹೋಗುತ್ತದೆ. ಸ್ಟೇಜ್ ಪೂರ್ತಿ ಒಂದೇ ಸರಪಳಿ ಎಳೆಯಬೇಕಾದರೆ ಯಾವ ವೈರಿಯನ್ನು ಈಗ ಹೊಡೆಯಬೇಕು, ಯಾವನನ್ನು ಒಂದು ಕ್ಷಣ ಉಳಿಸಿಕೊಳ್ಳಬೇಕು ಅಂತ ಎಲ್ಲಾ ಲೆಕ್ಕ ಇರಬೇಕು. ಸುಲಭದ ಮೊದಲ ಸ್ಟೇಜೂ ಆಗ ಕಷ್ಟ ಆಗಿಬಿಡುತ್ತದೆ. ಕಷ್ಟ ಎಷ್ಟಿರಬೇಕು ಅಂತ ನೀವೇ ಆರಿಸಿಕೊಂಡ ಹಾಗಾಯಿತು.

ಟ್ರೆಷರ್ ಕಂಪನಿಯ ಇಕಾರುಗಾ, 2001ರದು, ಇದನ್ನು ಬೇರೆ ಕಡೆ ಒಯ್ದಿತು. ಅಲ್ಲಿ ಎಲ್ಲವೂ ಎರಡೇ ಬಣ್ಣ, ಬಿಳಿ ಮತ್ತು ಕಪ್ಪು. ಒಂದು ಗುಂಡಿ ಒತ್ತಿದರೆ ನಿಮ್ಮ ವಿಮಾನ ಬಣ್ಣ ಬದಲಿಸುತ್ತದೆ. ನಿಮ್ಮದೇ ಬಣ್ಣದ ಗುಂಡು ತಾಗಿದರೆ ಸಾಯುವುದಿಲ್ಲ, ಅದನ್ನು ನುಂಗಿ ಬಲ ಪಡೆಯುತ್ತೀರಿ. ಬೇರೆ ಬಣ್ಣದ ವೈರಿಗೆ ಹೊಡೆದರೆ ಪೆಟ್ಟು ಎರಡು ಪಟ್ಟು, ಆದರೆ ಅವನು ಬಿಡುವ ಗುಂಡು ನಿಮ್ಮನ್ನು ಕೊಲ್ಲುತ್ತದೆ. ಅದರ ಜೊತೆಗೆ ಒಂದೇ ಬಣ್ಣದ ಮೂರು ಮೂರು ವೈರಿಗಳನ್ನು ಹೊಡೆದರೆ ಸ್ಕೋರ್ ಏರುತ್ತದೆ. ಇದಕ್ಕಿಂತ ಚೊಕ್ಕವಾಗಿ ಯೋಚಿಸಿದ ಶೂಟರ್ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ, ಆದರೂ ಅದನ್ನು ಹೊಸಬರಿಗೆ ಕೊಡುವುದಿಲ್ಲ. ಅದು ಆಟಕ್ಕಿಂತ ಜಾಸ್ತಿ ಒಗಟು. ತಪ್ಪಿಸಿಕೊಳ್ಳುವ ಸುಖ ಮೊದಲು ಕೈಗೆ ಬರಲಿ.

ನನಗೆ ಎಲ್ಲಕ್ಕಿಂತ ಹತ್ತಿರದ್ದು 1996ರ ಬ್ಯಾಟಲ್ ಗರೆಗ್ಗಾ, ರೈಜಿಂಗ್ ಕಂಪನಿಯದು, ಪ್ರೋಗ್ರಾಂ ಬರೆದವರು ಶಿನೊಬು ಯಾಗಾವಾ. ಇದರ ಒಳಗೆ ಕಣ್ಣಿಗೆ ಕಾಣದ ಒಂದು ಲೆಕ್ಕ ನಡೆಯುತ್ತಿರುತ್ತದೆ. ನೀವು ಹಾರಿಸುವ ಒಂದೊಂದು ಗುಂಡಿಗೂ, ಎತ್ತಿಕೊಳ್ಳುವ ಒಂದೊಂದು ವಸ್ತುವಿಗೂ ಆ ಲೆಕ್ಕ ಏರುತ್ತದೆ, ಅದು ಏರಿದಷ್ಟೂ ಗೇಮ್ ಕಷ್ಟವಾಗುತ್ತದೆ. ಇಳಿಸಲು ಒಂದೇ ದೊಡ್ಡ ದಾರಿ, ಸಾಯುವುದು. ಅಂದರೆ ಆಸೆಪಟ್ಟು ಸಿಕ್ಕಿದ್ದೆಲ್ಲ ಎತ್ತಿಕೊಂಡು ಗುಂಡಿ ಬಿಡದೆ ಹೊಡೆದವರು ಕೊನೆಯ ಸ್ಟೇಜಿನಲ್ಲಿ ತಾವೇ ಸಾಕಿದ ರಾಕ್ಷಸನ ಮುಂದೆ ನಿಲ್ಲುತ್ತಾರೆ. ಬಲ್ಲವರು ಬೇಕಾದಷ್ಟೇ ಹೊಡೆಯುತ್ತಾರೆ, ಬೇಡದ್ದನ್ನು ಮುಟ್ಟುವುದಿಲ್ಲ, ಸರಿಯಾದ ಜಾಗ ನೋಡಿ ಬೇಕಂತಲೇ ಒಂದು ಜೀವ ಕಳೆದುಕೊಳ್ಳುತ್ತಾರೆ. ಹಾಗೆ ಕಳೆಯಲು ಜೀವ ಬೇಕಲ್ಲ? ಅದು ಬರುವುದು ಸ್ಕೋರ್ ಏರಿದರೆ. ಆದ್ದರಿಂದ ಬದುಕಬೇಕೆಂದರೆ ಸ್ಕೋರ್ ಮಾಡಬೇಕು, ಸ್ಕೋರ್ ಮಾಡಬೇಕೆಂದರೆ ಅಪಾಯಕ್ಕೆ ಹೋಗಬೇಕು, ಕೊನೆಗೆ ಬದುಕಲಿಕ್ಕೇ ಸಾಯಬೇಕು. ನೋಡಲು ಇದು ಮಾಮೂಲಿ ಯುದ್ಧವಿಮಾನದ ಗೇಮ್. ಒಳಗೆ ಇಂಥ ತೂಕದ ಲೆಕ್ಕ ಇದೆ ಅಂತ ಹೊರಗಿನಿಂದ ಊಹಿಸಲೂ ಆಗುವುದಿಲ್ಲ.

ಯಂತ್ರದ ಮಿತಿಯೂ ಇಲ್ಲಿ ಆಟದ ಭಾಗ ಆಗಿದೆ. ಸ್ಪೇಸ್ ಇನ್ವೇಡರ್ಸ್‌ನಲ್ಲಿ ವೈರಿಗಳು ಕಡಿಮೆಯಾದ ಹಾಗೆ ಉಳಿದವರು ವೇಗವಾಗಿ ಬರುತ್ತಾರೆ ಅಲ್ವಾ? ಅದು ಮೊದಲೇ ಹಾಕಿದ ಯೋಜನೆ ಅಲ್ಲ. ಬಿಡಿಸಬೇಕಾದ ಚಿತ್ರಗಳು ಕಡಿಮೆಯಾದಾಗ ಪ್ರೊಸೆಸರ್ ಬೇಗ ಕೆಲಸ ಮುಗಿಸುತ್ತಿತ್ತು. ನಿಶಿಕಾಡೊ ಅದನ್ನು ಹಾಗೇ ಉಳಿಸಿಕೊಂಡರು. ಡೊಡೊನ್‌ಪಾಚಿಯಲ್ಲಿ ಇದರ ಉಲ್ಟಾ ಆಗುತ್ತದೆ. ಗುಂಡುಗಳು ಮಿತಿಮೀರಿದಾಗ ಆ ಕಾಲದ ಬೋರ್ಡ್ ತಡವರಿಸಿ ಇಡೀ ಆಟ ನಿಧಾನವಾಗುತ್ತದೆ. ಅತ್ಯಂತ ಕಷ್ಟದ ಗಳಿಗೆಯಲ್ಲೇ ಕಾಲ ಹಿಗ್ಗುತ್ತದೆ, ಸಂದಿಗಳು ಸ್ಪಷ್ಟವಾಗಿ ಕಾಣುತ್ತವೆ. ಇದು ಆಟದ ಅನುಭವದಲ್ಲಿ ಎಷ್ಟು ಬೆರೆತುಹೋಗಿದೆ ಅಂದರೆ, ಈ ಹಳೇ ಗೇಮ್‌ಗಳನ್ನು ಹೊಸ ಯಂತ್ರಗಳಿಗೆ ತರುವಾಗ ಆ ನಿಧಾನವನ್ನೂ ಅಳೆದು ನೋಡಿ ಹಾಗೇ ಕೂರಿಸಬೇಕಾಗುತ್ತದೆ. ಅದನ್ನು ತೆಗೆದುಬಿಟ್ಟರೆ ಕೆಲವು ಜಾಗ ಮನುಷ್ಯರಿಗೆ ದಾಟಲು ಆಗದ ಹಾಗಾಗುತ್ತವೆ.

ನಿಮ್ಮ ಇನ್ನೊಂದು ಮಾತು, ಸತ್ತರೆ ಮೊದಲಿಂದ ಅನ್ನುವುದು. ಆರ್ಕೇಡ್ ಅಂದರೆ ನಾಣ್ಯ ಹಾಕಿ ಆಡುವ ಜಾಗ, ಜಪಾನಿನಲ್ಲಿ ಮಾಮೂಲಿ 100 ಯೆನ್. ಅಂಗಡಿಯವರಿಗೆ ಆಟ ಬೇಗ ಮುಗಿಯಬೇಕು, ಆಡುವವರಿಗೆ ಮೋಸ ಆಯಿತು ಅನಿಸಬಾರದು. ಈ ಎರಡರ ನಡುವೆ ಸಿಕ್ಕಿದ ಆಕಾರವೇ ಅರ್ಧ ಗಂಟೆಯ ಒಳಗೆ ಮುಗಿಯುವ, ಒಂದು ಕ್ಷಣವೂ ವ್ಯರ್ಥವಿಲ್ಲದ ಗೇಮ್. ಒಂದೇ ನಾಣ್ಯದಲ್ಲಿ ಕೊನೆಯವರೆಗೆ ಹೋಗುವುದನ್ನು ಒನ್ ಸಿಸಿ ಅನ್ನುತ್ತಾರೆ. ನಿಮ್ಮ ತಮ್ಮನ ಗುರಿ ಬಹುಶಃ ಅದೇ. ಕಂಪ್ಯೂಟರಿನಲ್ಲಿ ನಾಣ್ಯಕ್ಕೆ ಬೆಲೆ ಇಲ್ಲ, ಸತ್ತ ಜಾಗದಿಂದಲೇ ಮುಂದುವರಿಸುವ ಕಂಟಿನ್ಯೂ ಒತ್ತುತ್ತಾ ಇಪ್ಪತ್ತೈದು ನಿಮಿಷದಲ್ಲಿ ಯಾರು ಬೇಕಾದರೂ ಕೊನೆ ನೋಡಬಹುದು. ಹಾಗೆ ನೋಡಿದವರೇ ಇದನ್ನು ಚಿಕ್ಕ ಗೇಮ್, ದುಡ್ಡು ದಂಡ ಅಂತ ವಿಮರ್ಶೆ ಬರೆಯುವುದು. ಅವರು ಗೇಮ್ ಆಡಲಿಲ್ಲ, ಅದರ ಚಿತ್ರಗಳನ್ನು ನೋಡಿದರು ಅಷ್ಟೇ. ಇದನ್ನು ನಾನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ಈಗ ನೀವು ಹೇಗೆ ಶುರು ಮಾಡಬೇಕು ಅಂತ. ಡೊಡೊನ್‌ಪಾಚಿಯಿಂದ ಬೇಡ. ಅದೇ ಕೇವ್ ಕಂಪನಿಯ 2004ರ ಮುಶಿಹಿಮೆಸಾಮಾ, ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 2015ರಲ್ಲಿ ಬಂದಿದೆ, ಅದರಲ್ಲಿ ಹೊಸಬರಿಗೆ ನಾವಿಸ್ ಅಂತ ಬೇರೆ ಮೋಡ್ ಇದೆ. ಗುಂಡುಗಳ ವಿನ್ಯಾಸ ನೋಡಲು ಸಿಗುತ್ತದೆ, ಸಾಯುವುದು ಕಡಿಮೆ. ಕಾಡಿನ ತುಂಬ ದೈತ್ಯ ಹುಳುಗಳು, ದುಂಬಿಯ ಮೇಲೆ ಕೂತ ಹುಡುಗಿ, ನೋಡಲೂ ಸೊಗಸು. ಆ ಗೇಮಿನ ಅಲ್ಟ್ರಾ ಮೋಡ್‌ನ ಕೊನೆಯ ಬಾಸ್ (ಸ್ಟೇಜಿನ ಕೊನೆಯಲ್ಲಿ ಬರುವ ದೊಡ್ಡ ವೈರಿ) ವಿಡಿಯೋ ನಿಮ್ಮ ತಮ್ಮ ತೋರಿಸಬಹುದು, ಪರದೆಯೆಲ್ಲ ನೇರಳೆ ಗುಂಡು. ಅದನ್ನು ನೋಡಿ ಹೆದರಬೇಡಿ, ನೀವು ಹೋಗುವ ದಾರಿ ಅದಲ್ಲ. ದಿನಕ್ಕೆ ಎರಡೋ ಮೂರೋ ಆಟ ಸಾಕು. ಕಂಟಿನ್ಯೂ ಮುಟ್ಟಬೇಡಿ. ಎಲ್ಲಿ ಸತ್ತಿರಿ, ಯಾವುದು ಹೊಡೆಯಿತು ಅಂತ ಮಾತ್ರ ನೆನಪಿಟ್ಟುಕೊಳ್ಳಿ. ಗುರಿಯಿಟ್ಟು ಬಂದದ್ದಾ, ವಿನ್ಯಾಸದ್ದಾ? ಅಷ್ಟು ಗೊತ್ತಾದರೆ ಮುಂದಿನ ಸಲ ಏನು ಮಾಡಬೇಕು ಅಂತ ತಾನಾಗಿ ಹೊಳೆಯುತ್ತದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದರೆ ಟ್ರೇನಿಂಗ್ ಮೋಡ್‌ಗೆ ಹೋಗಿ ಆ ಸ್ಟೇಜನ್ನೇ ಆಡಿ, ಅದರಲ್ಲಿ ನಾಚಿಕೆ ಏನೂ ಇಲ್ಲ.

ಪರದೆಯ ಬಗ್ಗೆ ಒಂದು ಮಾತು. ಅಗಲದ ಮಾನಿಟರಿನಲ್ಲಿ ಈ ಗೇಮ್ ನಡುವಿನ ಒಂದು ಪಟ್ಟಿಯಷ್ಟೇ ಜಾಗದಲ್ಲಿ ಕಾಣುತ್ತದೆ. ಮಾನಿಟರಿನ ಸ್ಟ್ಯಾಂಡ್ ತಿರುಗುವಂಥದ್ದಾದರೆ ಅದನ್ನು ಉದ್ದಕ್ಕೆ ನಿಲ್ಲಿಸಿ, ಗೇಮಿನ ಸೆಟ್ಟಿಂಗ್ಸ್‌ನಲ್ಲಿ ಚಿತ್ರವನ್ನೂ ತಿರುಗಿಸಿ. ವ್ಯತ್ಯಾಸ ದೊಡ್ಡದು. ಟಿವಿಗೆ ಹಾಕುವುದಾದರೆ ಗೇಮ್ ಮೋಡ್ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ನೀವು ಒತ್ತಿದ್ದು ಪರದೆಗೆ ಬರುವಷ್ಟರಲ್ಲಿ ಗುಂಡು ಬಂದಿರುತ್ತದೆ. ಫೋನಿನಲ್ಲಿ ಕಲಿಯುವುದನ್ನು ನಾನು ಹೇಳುವುದಿಲ್ಲ. ಬೆರಳು ಎಷ್ಟು ವೇಗವಾಗಿ ಓಡುತ್ತದೋ ವಿಮಾನವೂ ಅಷ್ಟು ವೇಗವಾಗಿ ಓಡುತ್ತದೆ, ಮೇಲಿಂದ ಬೆರಳೇ ಗುಂಡನ್ನು ಮರೆಮಾಡುತ್ತದೆ. ಆರ್ಕೇಡ್ ವಿಮಾನಕ್ಕೆ ಒಂದು ವೇಗದ ಮಿತಿ ಇದೆ. ಆ ಮಿತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಅರ್ಧ ಸೆಕೆಂಡ್ ಮೊದಲೇ ಹೊರಡುವುದನ್ನು ಕಲಿಯುವುದು ಈ ಆಟದ ದೊಡ್ಡ ಭಾಗ.

ಕೊನೆಗೆ ಬಾಂಬ್. ಸಾಮಾನ್ಯವಾಗಿ ಹೊಸಬರು ಸಾಯುವಾಗ ಅವರ ಹತ್ತಿರ ಬಾಂಬ್ ಹಾಗೇ ಉಳಿದಿರುತ್ತದೆ. ಮುಂದೆ ಬೇಕಾಗುತ್ತದೆ ಅಂತ ಕೂಡಿಡುತ್ತಾರೆ, ಆ ಮುಂದೆ ಬರುವುದೇ ಇಲ್ಲ. ಸಿಕ್ಕಿಹಾಕಿಕೊಂಡೆ ಅಂತ ಅನಿಸಿದ ಕೂಡಲೇ ಒತ್ತಿ, ಸಾಯುತ್ತೇನಾ ಇಲ್ಲವಾ ಅಂತ ನೋಡುತ್ತಾ ನಿಲ್ಲಬೇಡಿ. ನಿಮಗೆ ಕಷ್ಟ ಅನಿಸುವ ಎರಡು ಜಾಗ ಮೊದಲೇ ಗುರುತು ಮಾಡಿಕೊಂಡು, ಅಲ್ಲಿಗೆ ಹೋದಾಗ ಗುಂಡು ಬರುವ ಮೊದಲೇ ಬಾಂಬ್ ಹಾಕಿದರೂ ತಪ್ಪಿಲ್ಲ. ಪಳಗಿದವರೂ ಹಾಗೇ ಮಾಡುತ್ತಾರೆ. ನಾವಿಸ್ ಮೋಡ್ ಒಂದೇ ನಾಣ್ಯದಲ್ಲಿ, ಅಂದರೆ ಕಂಟಿನ್ಯೂ ಒತ್ತದೆ, ಮುಗಿದ ಮೇಲೆ ಅದೇ ಗೇಮಿನ ಒರಿಜಿನಲ್ ಮೋಡ್ ಆಡಿ. ಅಲ್ಲಿ ಗುಂಡುಗಳ ವೇಗ ಜಾಸ್ತಿ. ಅದಾದ ಮೇಲೆ ಡೊಡೊನ್‌ಪಾಚಿ ಹಾಕಿ, ಮೊದಲ ಸ್ಟೇಜಿನ ಟ್ಯಾಂಕುಗಳ ಮುಂದೆ ಎಡತುದಿಯಿಂದ ಶುರು ಮಾಡಿ.